ಮೂರನೆಯವರ ಸುರುಳಿ

ಮನೆಯಿಂದ
ಮಾರ್ಚ್ ಹನ್ನೊಂದು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮೇಷ್ಟ್ರೇ,

ಹೇಗಿದ್ದೀರಿ? ಮೊನ್ನೆ ಫೋನಿನಲ್ಲಿ ನಿಮಗಿಂತ ನಿಮ್ಮ ಕೆಮ್ಮೇ ಹೆಚ್ಚು ಮಾತಾಡಿತು. ಬಿಸಿನೀರು ಕುಡಿಯುತ್ತಿದ್ದೀರೋ, ಇಲ್ಲ ಲ್ಯಾಬಿನ ಫ್ರಿಜ್ಜಿನ ನೀರೇ ಗತಿಯೋ? ಸುತ್ತ ನಾಲ್ಕೂ ಕಡೆ ಡಾಕ್ಟರುಗಳೇ ತುಂಬಿರುವ ವಿಶ್ವವಿದ್ಯಾಲಯದಲ್ಲಿ ಕೂತು ಒಂದು ಕೆಮ್ಮನ್ನು ಇಷ್ಟು ದಿನ ಸಾಕಿ ಬೆಳೆಸಿದವರು ನೀವೊಬ್ಬರೇ ಇರಬೇಕು. ನಿಮ್ಮ ಎರಡು ವಿಶ್ವವಿದ್ಯಾಲಯಗಳ ಒಪ್ಪಂದದ ಕಾಗದದಲ್ಲಿ ‘ಪರಸ್ಪರ ಸಹಕಾರ’ ಅಂತ ದೊಡ್ಡದಾಗಿ ಬರೆದಿದ್ದಾರಲ್ಲ, ಅದರೊಳಗೆ ನಿಮ್ಮ ಎದೆಯೂ ಸೇರುತ್ತದೆ ಎಂದುಕೊಂಡು ಯಾರಿಗಾದರೂ ತೋರಿಸಿ. ನಾನು ಚೆನ್ನಾಗಿದ್ದೇನೆ. ಮಾವನೂ ಚೆನ್ನಾಗಿದ್ದಾರೆ, ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ, ಕೋಪ ಮೊದಲಿನಷ್ಟೇ ಇದೆ. ನಿಮ್ಮ ಕಿಟಕಿಯ ಕುಂಡದ ಗಿಡ ಮಾತ್ರ ಸೊರಗಿದೆ. ನೀವಿದ್ದಾಗ ನೀವು ನೀರು ಹಾಕುತ್ತೀರಿ ಎಂದು ನಾನು ಹಾಕುತ್ತಿರಲಿಲ್ಲ. ಈಗ ನಾನು ಹಾಕಿರುತ್ತೇನೆ ಎಂದು ಮಾವ ಹಾಕುವುದಿಲ್ಲ, ಮಾವ ಹಾಕಿರುತ್ತಾರೆ ಎಂದು ನಾನು ಹಾಕುವುದಿಲ್ಲ.

ದಿನಾ ಸಂಜೆ ಫೋನಿನಲ್ಲಿ ಸಿಗುವವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸುತ್ತಿರಬಹುದು. ನೀವು ಫೋನು ಮಾಡಿದ ಮರುಕ್ಷಣ ಮಾವ ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಡುತ್ತಾರೆ. ಅವರ ಪಾಲಿಗೆ ಫೋನು ಅಂದರೆ ರೇಡಿಯೋ. ಮನೆಮಂದಿಯೆಲ್ಲ ಸುತ್ತ ಕೂತು ಕೇಳಬೇಕು. ನಾನು ಅದನ್ನೆತ್ತಿಕೊಂಡು ಒಳಗೆ ಹೋದರೆ ‘ಹೋಗಮ್ಮ, ಹೋಗು, ಗಂಡ ಹೆಂಡತಿ ಮಾತು, ನಮಗ್ಯಾಕೆ’ ಎನ್ನುತ್ತಾ ಬಾಗಿಲವರೆಗೂ ಬರುತ್ತಾರೆ. ಅವರ ಕಿವಿಗೆ ಬೀಳದ ಹಾಗೆ ನಿಮಗೆ ಏನಾದರೂ ಹೇಳಬೇಕಾದರೆ ಕಾಗದವೇ ದಾರಿ. ಹೇಗೂ ನಿಮ್ಮ ಶಿಷ್ಯೆ ಈವತ್ತು ಮಧ್ಯಾಹ್ನದ ಬಸ್ಸಿಗೆ ನೀವಿರುವಲ್ಲಿಗೇ ಹೊರಟಿದ್ದಾಳೆ, ಇದನ್ನು ಅವಳ ಕೈಯಲ್ಲೇ ಕಳಿಸುತ್ತೇನೆ. ಅವಳೇ, ಮನೆಗೆ ಬಂದು ಮಾವನ ಕೈನಡುಕ ಅಳೆಯುತ್ತಿದ್ದವಳು. ಮಾವ ಅವಳಿಗೆ ‘ಇನ್ಸ್‌ಪೆಕ್ಟರಮ್ಮ’ ಎಂದು ಹೆಸರಿಟ್ಟು ಬಹಳ ದಿನವಾಯಿತು. ಅವಳ ವಿಶ್ವವಿದ್ಯಾಲಯ ಅವಳನ್ನು ನಮ್ಮ ಕಡೆಗೆ ಕಳಿಸಿತು, ನಮ್ಮದು ನಿಮ್ಮನ್ನು ಆ ಕಡೆಗೆ ಕಳಿಸಿತು. ಎರಡು ಮನೆಯವರು ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬದಲಾಯಿಸಿಕೊಂಡ ಹಾಗೆ. ಈಗ ಅವಳು ವಾಪಸು ಹೋಗುತ್ತಿದ್ದಾಳೆ, ನೀವಿನ್ನೂ ಬಂದಿಲ್ಲ. ಈ ವ್ಯಾಪಾರದಲ್ಲಿ ನನಗೇ ಲುಕ್ಸಾನು.

ಮಾವ ಈಗ ಇಡೀ ಬೀದಿಗೆ ಪ್ರೊಫೆಸರು. ಎದುರುಮನೆಯ ಬೀಗ ರಿಪೇರಿಯವರು ಪೇಪರು ಕೇಳಲು ಬಂದರೆ ಸಾಕು, ಮಣಿಕಟ್ಟು ಮುಂದೆ ಚಾಚಿ ಪಾಠ ಶುರು. ‘ನೋಡಪ್ಪ, ಇದು ಎರಡು ಯೂನಿವರ್ಸಿಟಿ ಸೇರಿ ಮಾಡಿದ ಪಟ್ಟಿ. ನನ್ನ ಮಗನ ಕಡೆಯೋರು ಇಂಜಿನಿಯರುಗಳು, ಅವರಿಗೆ ಮಿಷನ್ ಗೊತ್ತು, ಕೈ ಗೊತ್ತಿಲ್ಲ. ಆ ಕಡೆಯೋರು ಡಾಕ್ಟರುಗಳು, ಅವರಿಗೆ ಕೈ ಗೊತ್ತು, ಮಿಷನ್ ಗೊತ್ತಿಲ್ಲ. ಅದಕ್ಕೇ ಇಬ್ಬರೂ ರಾಜಿ ಮಾಡ್ಕೊಂಡಿದಾರೆ. ಕೈ ಯಾವ ಕಡೆ ನಡುಗುತ್ತೋ ಅದಕ್ಕೆ ಎದುರಾಗಿ ಇದು ಗುಂಯ್ ಅಂತ ತಳ್ಳುತ್ತೆ.’ ಅದರ ಸದ್ದು ಕೇಳಿ ಅವರು ಪಟ್ಟಿಗೆ ‘ದುಂಬಿ’ ಎನ್ನುತ್ತಾರೆ. ಸ್ನಾನಕ್ಕೆ ಹೋಗುವಾಗ ‘ದುಂಬಿ ತೆಗೆದಿಡಮ್ಮ’, ಬಂದ ಮೇಲೆ ‘ಎಲ್ಲಿ ನನ್ನ ದುಂಬಿ?’ ಮೊನ್ನೆ ಪಾಠ ನಡೆಯುವಾಗ ಬೀಗದವರ ಹೆಂಡತಿ ಕಿಟಕಿಯಿಂದಲೇ ಕೂಗಿದರು: ‘ನಮ್ಮನೆಯೋರ ನಾಲಿಗೆಗೂ ಒಂದು ಕಟ್ಟಿಸಿಕೊಡಿ, ಪುಣ್ಯ ಬರುತ್ತೆ!’ ಮಾವ ಒಂದು ಗಳಿಗೆಯೂ ಯೋಚಿಸದೆ, ‘ಅದಕ್ಕೆ ಇನ್ನೂ ನಾಲ್ಕು ಯೂನಿವರ್ಸಿಟಿ ಸೇರಬೇಕಾಗುತ್ತೆ ತಾಯಿ’ ಎಂದರು. ಬೀಗದವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ಓದಿದರು.

ಆ ಪಟ್ಟಿ ಕಟ್ಟಿಕೊಂಡ ದಿನದಿಂದ ಇನ್ಸ್‌ಪೆಕ್ಟರಮ್ಮ ವಾರವಾರ ಬಂದು ಹಾಳೆಯ ಮೇಲೆ ಸುರುಳಿ ಬರೆಸುತ್ತಾಳೆ. ನಡುವಿನ ಚುಕ್ಕೆಯಿಂದ ಹೊರಟು ಸುತ್ತುತ್ತಾ ಸುತ್ತುತ್ತಾ ಹೊರಗೆ ಬರಬೇಕು, ಗೆರೆ ಗೆರೆಗೆ ತಾಗಬಾರದು. ಪಟ್ಟಿ ಬರುವ ಮೊದಲು ಬರೆಸಿದ ಸುರುಳಿಗಳು ಹೇಗಿದ್ದವು ಎಂದು ನಿಮಗೆ ನೆನಪಿರಬೇಕು, ಜಾಲಿಮುಳ್ಳಿನ ಬೇಲಿಯ ಹಾಗೆ. ಈಗಿನವನ್ನು ನೋಡಿದರೆ ಬಸವನಹುಳುವಿನ ಚಿಪ್ಪು, ಅಷ್ಟು ನುಣುಪು. ಅಪ್ಪನೆಂಬ ಮೋಹ ಅಳತೆಯೊಳಗೆ ನುಸುಳಬಾರದು ಎಂದು ನೀವು ಅಳೆಯುವ ಕೆಲಸವನ್ನೆಲ್ಲ ಡಾಕ್ಟರುಗಳ ಕಡೆಗೇ ಬಿಟ್ಟುಕೊಟ್ಟಿರಿ, ಹಾಳೆಯ ಮೇಲೆ ಸುರುಳಿ ಬರೆದವರ ಹೆಸರೂ ಇಲ್ಲ. ಮೊದಲನೆಯವರು, ಎರಡನೆಯವರು, ಮೂರನೆಯವರು. ಮೂರನೆಯವರೇ ನಮ್ಮ ಮಾವ. ಹೋದ ತಿಂಗಳು ನೀವು ಫೋನಿನಲ್ಲಿ ‘ಮೂರನೆಯವರ ಸುರುಳಿ ನೋಡಿದೆಯಾ? ಇಲ್ಲಿ ಎಲ್ಲರೂ ಅದನ್ನೇ ನೋಡುತ್ತಿದ್ದಾರೆ’ ಎಂದಿರಿ. ಆಗ ಅವರ ಮುಖ ನೀವು ನೋಡಬೇಕಿತ್ತು. ಹೊಗಳಿಸಿಕೊಳ್ಳುವಾಗ ಮಕ್ಕಳು ಮಾಡುವ ಹಾಗೆ ಗೋಡೆಯ ಕಡೆ ತಿರುಗಿ, ತಮ್ಮ ಟೈಲರ್ ಕಾಲದ ಹೊಲಿಗೆ ಮಿಷನ್ನಿನ ಮೇಲೆ ಇಲ್ಲದ ಧೂಳನ್ನು ಒರೆಸಿದರು. ಬರುವ ಶುಕ್ರವಾರ ಎರಡೂ ವಿಶ್ವವಿದ್ಯಾಲಯದ ಹಿರಿಯರು ಒಟ್ಟಿಗೆ ಕೂರುತ್ತಾರೆ, ನೀವು ಆ ಸುರುಳಿಯನ್ನು ಗೋಡೆಯಗಲ ಮಾಡಿ ತೋರಿಸುತ್ತೀರಿ, ಅವರು ಒಪ್ಪಿದರೆ ಇದೇ ಪಟ್ಟಿ ನೂರಾರು ಜನರ ಕೈಗೆ ಹೋಗುತ್ತದೆ. ಇದೆಲ್ಲ ಮಾವನಿಗೆ ಬಾಯಿಪಾಠ. ನನಗೂ.

ಈಗ ನನ್ನ ತರಗತಿಯ ಸುದ್ದಿ ಹೇಳಬೇಕು. ಇದು ಬೇರೆ ಸುದ್ದಿ ಎಂದುಕೊಂಡು ಹಾಳೆ ತಿರುವಬೇಡಿ, ಇಲ್ಲಿಂದಲೇ ಎಲ್ಲ ಶುರುವಾಗಿದ್ದು. ಎರಡೂ ಕಡೆಯ ಮಕ್ಕಳ ಜಂಟಿ ತರಗತಿಯಲ್ಲಿ ನನಗೆ ಕೊಟ್ಟ ವಾರದ ಒಂದು ಗಂಟೆ ನಡೆಯುತ್ತಿದೆ. ರೋಗಿ ಹೇಳುವುದನ್ನು ಕೇಳಿಸಿಕೊಂಡು ಅವರ ಮಾತಿನಲ್ಲೇ ಬರೆದಿಡುವುದು ಹೇಗೆ ಎಂದು ಕಲಿಸಬೇಕೆಂದು ಡಾಕ್ಟರುಗಳ ಕಡೆಯವರು ಹಟ ಹಿಡಿದು ಸೇರಿಸಿದ ಗಂಟೆ ಅದು. ಬಯೋಮೆಡಿಕಲ್ ಇಂಜಿನಿಯರಿಂಗಿಗೆ ಪದ್ಯದ ಮೇಡಂ ಯಾಕೆ ಎಂಬ ಪ್ರಶ್ನೆ ಮೊದಲ ದಿನ ಎಲ್ಲರ ಮುಖದ ಮೇಲೂ ಇತ್ತು. ನನ್ನ ಮುಖದ ಮೇಲೂ ಇದ್ದಿರಬೇಕು. ನಮ್ಮ ಮಕ್ಕಳು ಕಿಟಕಿಯ ಕಡೆ, ಅವರ ಮಕ್ಕಳು ಬಾಗಿಲಿನ ಕಡೆ, ನಡುವಿನ ಸಾಲು ಪೂರ್ತಿ ಖಾಲಿ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಒಬ್ಬರನ್ನೊಬ್ಬರು ಅಳೆಯುತ್ತಾ ಕೂತ ಹಾಗೆ. ಈಗ ನಡುವಿನ ಸಾಲು ತುಂಬಿದೆ. ಎದೆಬಡಿತ ನೋಡುವ ಯಂತ್ರಕ್ಕೆ ಅಷ್ಟುದ್ದ ತಂತಿ ಯಾಕೆ ಬೇಕು, ದಂಡ, ಎಂದು ನಮ್ಮವನೊಬ್ಬ ವಾದ ಮಾಡಿದ. ‘ರೋಗಿ ಮಗ್ಗುಲು ಬದಲಾಯಿಸೋದು ಬೇಡ್ವಾ?’ ಎಂದಳು ಅವರ ಕಡೆಯವಳು. ಅವನು ತನ್ನ ಪುಸ್ತಕದಲ್ಲಿ ‘ಮಗ್ಗುಲು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ನೀವಿದ್ದಿದ್ದರೆ ಮಗ್ಗುಲು ಎಷ್ಟು ಸೆಂಟಿಮೀಟರು ಎಂದು ಕೇಳುತ್ತಿದ್ದಿರಿ. ನನಗೆ ಮಾತ್ರ ಆವತ್ತು ಒಂದು ಒಳ್ಳೆಯ ಪದ್ಯ ಓದಿದಷ್ಟು ಸಂತೋಷವಾಯಿತು.

ಮುಂದಿನ ವಾರ ಅವರಿಗೆ ಒಂದು ಕೆಲಸ ಕೊಟ್ಟೆ: ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕಾಯಿಲೆಯವರು ಯಾರಾದರೂ ಇದ್ದರೆ ಅವರು ಕೇಳುವ ಒಂದು ಸಣ್ಣ ವಿಷಯ ಗಮನಿಸಿ, ಕಾಯಿಲೆಯ ಹೆಸರು ಬರೆಯಬೇಡಿ, ಅವರು ಕೇಳಿದ್ದನ್ನಷ್ಟೇ ಬರೆಯಿರಿ ಎಂದು. ‘ಮೇಡಂ, ನೀವೇ ಒಂದು ಹೇಳಿ ನೋಡೋಣ’ ಎಂದಿತು ಹಿಂದಿನ ಬೆಂಚು. ಥಟ್ಟನೆ ಬಾಯಿಗೆ ಬಂದದ್ದು ಅರ್ಧ ಲೋಟ ಟೀ. ನಿಮಗೂ ಗೊತ್ತಲ್ಲ, ಕೈ ನಡುಗಲು ಶುರುವಾದಾಗಿನಿಂದ ಮಾವ ‘ಅರ್ಧ ಲೋಟ ಸಾಕಮ್ಮ’ ಎನ್ನುತ್ತಾರೆ. ಟೀ ಬೇಡವಾಗಿ ಅಲ್ಲ. ತುಂಬಿದ ಲೋಟ ತುಳುಕುತ್ತದೆ, ಅರ್ಧ ಲೋಟ ತುಳುಕುವುದಿಲ್ಲ. ಕುಡಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನರ್ಧ ಕೇಳುತ್ತಾರೆ. ಇದನ್ನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ಬರೆದುಕೊಂಡರು, ಒಬ್ಬಳನ್ನು ಬಿಟ್ಟು. ನಿಮ್ಮ ಇನ್ಸ್‌ಪೆಕ್ಟರಮ್ಮ ಪೆನ್ನು ಕೆಳಗಿಟ್ಟು, ‘ಈಗಲೂ ಅರ್ಧವೇನಾ ಮೇಡಂ? ಪಟ್ಟಿ ಕಟ್ಟಿದ ಮೇಲೂ?’ ಎಂದಳು. ನಾನು ‘ಹೌದು’ ಎನ್ನಲು ಬಾಯಿ ತೆರೆದೆ. ಆ ‘ಹೌದು’ ಅರ್ಧಕ್ಕೇ ನಿಂತಿತು. ಹಾಳೆಯ ಮೇಲೆ ಬಸವನಹುಳುವಿನ ಚಿಪ್ಪು ಬರೆಯುವ ಕೈ ಟೀಗೆ ಬಂದಾಗ ಇನ್ನೂ ಅರ್ಧ ಲೋಟವನ್ನೇ ಯಾಕೆ ಕೇಳಬೇಕು? ಅಂಗಿಯ ಗುಂಡಿಯನ್ನು ಈಗಲೂ ನನ್ನ ಕೈಯಲ್ಲೇ ಹಾಕಿಸಿಕೊಳ್ಳುತ್ತಾರೆ. ಅಭ್ಯಾಸಬಲ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಆವತ್ತಿನಿಂದ ಟೀ ಸೋಸುವಾಗಲೆಲ್ಲ ಕಣ್ಣು ಅವರ ಕೈಯ ಕಡೆಗೆ ಹೋಗುತ್ತಿತ್ತು.

ಬುಧವಾರ ನಮ್ಮ ಕಟ್ಟಡದಲ್ಲಿ ಕರೆಂಟು ಹೋಗಿ ಮಧ್ಯಾಹ್ನದ ತರಗತಿ ನಿಂತಿತು. ನಾನು ಬೇಗ ಮನೆಗೆ ಬಂದೆ. ಮುಂದಿನ ಕೋಣೆಯಲ್ಲಿ ದುಂಬಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಚಾರ್ಜಾಗುತ್ತಿತ್ತು, ಅದರ ಹಸಿರು ದೀಪ ಮಿನುಗುತ್ತಿತ್ತು. ಮಾವ ಕಾಣಲಿಲ್ಲ. ಹಿಂದಿನ ಕೋಣೆಯಿಂದ ಗೊಣಗುವ ದನಿ ಬಂತು, ‘ಹಾಂ, ಹಾಂ, ನಿಧಾನ, ಓಡಬೇಡ, ಬಾ, ಬಾ, ಗೆರೆ ಮುಟ್ಟಬೇಡ.’ ಯಾವುದಾದರೂ ಬೆಕ್ಕಿನ ಮರಿ ಒಳಗೆ ಬಂದಿದೆ ಎಂದುಕೊಂಡು ಇಣುಕಿದೆ. ಬಟ್ಟೆ ಕತ್ತರಿಸುವ ಆ ಹಳೆಯ ಮೇಜಿನ ಮೇಲೆ ಕಪ್ಪು ಲೈನಿಂಗ್ ಬಟ್ಟೆ ಹಾಸಿದೆ. ಅದರ ತುಂಬ ಸುರುಳಿಗಳು. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಚಾಕ್‌ಪೀಸು ಹಿಡಿದು, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ, ಮಾವ ಇನ್ನೊಂದು ಸುರುಳಿ ಸುತ್ತುತ್ತಿದ್ದರು. ಸುತ್ತಿ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ನಡುವಿನ ಚುಕ್ಕೆ. ಮೊದಲು ನನಗೆ ನಗು ಬಂತು ಮೇಷ್ಟ್ರೇ. ಎಷ್ಟು ಮುದ್ದಾಗಿ ಕಂಡರು ಗೊತ್ತೇ? ಕಪ್ಪು ಬಟ್ಟೆಯ ಮೇಲೆ ಆ ಬಿಳಿಯ ಸುತ್ತುಗಳು ರಾತ್ರಿಯ ಆಕಾಶದ ಹಾಗಿದ್ದವು. ಒಂದಕ್ಕಿಂತ ಒಂದು ನುಣುಪು. ಆಮೇಲೆ ಅವರ ಮಣಿಕಟ್ಟು ನೋಡಿದೆ. ಬರಿಗೈ. ದುಂಬಿ ಆಚೆ ಕೋಣೆಯಲ್ಲಿ ಗೋಡೆಗಿತ್ತು.

ನನ್ನನ್ನು ಕಂಡದ್ದೇ ಚಾಕ್‌ಪೀಸನ್ನು ಜೇಬಿಗೆ ಹಾಕಿಕೊಂಡು, ‘ಇಷ್ಟು ಬೇಗ ಬಂದೆಯಾ? ಹೇಳದೆ ಕೇಳದೆ ಬರ್ತೀಯಲ್ಲ, ನೀನೂ ಇನ್ಸ್‌ಪೆಕ್ಟರೇ ಆದೆ’ ಎಂದರು. ನಾನು ಸ್ಟೂಲು ಎಳೆದುಕೊಂಡು ಕೂತೆ. ನಾನು ಸುಮ್ಮನೆ ಕೂತರೆ ಅವರು ಹೇಳುತ್ತಾರೆ ಎಂದು ನನಗೆ ಗೊತ್ತು, ನಿಮ್ಮ ಮನೆತನವೇ ಹಾಗೆ. ಪಟ್ಟಿ ಕಟ್ಟಿದ ಮೊದಲ ವಾರ ಅವರ ಸುರುಳಿ ಚೆನ್ನಾಗಿ ಬರಲಿಲ್ಲವಂತೆ. ಆವತ್ತು ಸಂಜೆ ನೀವು ಫೋನಿನಲ್ಲಿ ‘ಪರವಾಗಿಲ್ಲಪ್ಪ’ ಎಂದು ಸ್ವಲ್ಪ ಹೊತ್ತು ಸುಮ್ಮನಾದಿರಂತೆ. ‘ಅವನ ಪರವಾಗಿಲ್ಲ ನನಗೆ ಗೊತ್ತಿಲ್ವೇನಮ್ಮ? ಲೆಕ್ಕದಲ್ಲಿ ಫೇಲಾಗಿ ಬಂದಾಗಲೂ ಬಾಗಿಲಲ್ಲಿ ನಿಂತು ಹಿಂಗೇ ಪರವಾಗಿಲ್ಲ ಅಂದಿದ್ದ’ ಎಂದರು. ಮಾರನೆಯ ದಿನದಿಂದಲೇ ಅಭ್ಯಾಸ ಶುರು. ನಾನು ಕಾಲೇಜಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ದುಂಬಿಯ ಜೀವ ಖರ್ಚಾಗದಿರಲಿ ಎಂದು ಅದನ್ನು ಚಾರ್ಜಿಗೆ ಹಾಕಿ, ಮಧ್ಯಾಹ್ನವೆಲ್ಲ ಸುರುಳಿ. ‘ಅವನು ಓದುವಾಗ ಒಂದಕ್ಷರ ಹೇಳಿಕೊಡೋಕೆ ನನಗೆ ಬರ್ತಿರಲಿಲ್ಲ. ಪಕ್ಕದಲ್ಲಿ ಕಾಜ ಹಾಕ್ತಾ ಕೂತಿರ್ತಿದ್ದೆ, ಅವನು ತೂಕಡಿಸದೆ ಇರಲಿ ಅಂತ. ಅಷ್ಟೇ ನಾನು ಓದಿಸಿದ್ದು. ಈಗ ಅವನ ಪರೀಕ್ಷೆಯಲ್ಲಿ ಒಂದೇ ಒಂದು ಪ್ರಶ್ನೆಗೆ ನಾನು ಉತ್ತರ ಬರೀಬಹುದು. ಓದ್ಕೊಂಡು ಬರೆದರೆ ತಪ್ಪಾ?’

ತಪ್ಪು ಎಂದು ಆ ಮುಖಕ್ಕೆ ಹೇಗೆ ಹೇಳಲಿ? ಪರೀಕ್ಷೆ ಇರುವುದು ಅವರಿಗಲ್ಲ, ನಿಮಗೂ ಅಲ್ಲ, ಪಟ್ಟಿಗೆ ಎಂದು ಮೆತ್ತಗೆ ಹೇಳಿದೆ. ಪದ್ಯವನ್ನು ಬಾಯಿಪಾಠ ಮಾಡಿದ ಮಗು ಒಂದೂ ತಡವರಿಸದೆ ಒಪ್ಪಿಸುತ್ತದೆ. ಹೊಸ ಪದ್ಯ ಕೊಟ್ಟರೆ ಮೊದಲ ಸಾಲಿಗೇ ನಿಲ್ಲುತ್ತದೆ. ನಿಮ್ಮ ಕೈ ಸುರುಳಿಯನ್ನು ಬಾಯಿಪಾಠ ಮಾಡಿದೆ ಮಾವ, ಲೋಟ, ಗುಂಡಿ, ಚಮಚ ಅದಕ್ಕೆ ಹೊಸ ಪದ್ಯಗಳು ಎಂದೆ. ಅವರಿಗೆ ಅರ್ಥವಾಯಿತು. ಅರ್ಥವಾದದ್ದೇ ಕಷ್ಟವಾಯಿತು. ಬಹಳ ಹೊತ್ತು ಬಟ್ಟೆಯ ಮೇಲಿನ ಚಾಕ್‌ಪುಡಿಯನ್ನು ಅಂಗೈಯಿಂದ ಒಟ್ಟು ಮಾಡುತ್ತಿದ್ದರು. ಆಗ ಕೈ ನಡುಗಿತು, ಪುಡಿ ಒಟ್ಟಾಗಲಿಲ್ಲ. ಕೊನೆಗೆ ‘ಅವನಿಗೆ ಹೇಳಬೇಡ. ಶುಕ್ರವಾರ ಕಳೀಲಿ. ಆಮೇಲೆ ನನ್ನನ್ನ ಏನು ಬೇಕಾದರೂ ಅನ್ನಲಿ’ ಎಂದರು. ನಾನು ಹೂಂ ಎನ್ನಲಿಲ್ಲ. ಊಹೂಂ ಎನ್ನುವಷ್ಟು ಗಟ್ಟಿ ಮನಸ್ಸೂ ಬರಲಿಲ್ಲ. ಎದ್ದು ಟೀ ಮಾಡಿದೆ, ಅರ್ಧ ಲೋಟ ಕೊಟ್ಟೆ. ಅವರು ನನ್ನ ಸುಮ್ಮನಿರುವಿಕೆಯನ್ನೇ ಒಪ್ಪಿಗೆ ಎಂದುಕೊಂಡರು. ಆಮೇಲಿನ ದಿನಗಳಲ್ಲಿ ನೀವು ಫೋನು ಮಾಡಿ ‘ಮೂರನೆಯವರು ಹೇಗಿದ್ದಾರೆ?’ ಎಂದಾಗಲೆಲ್ಲ ಅವರು ನಗುತ್ತಾ ನನ್ನ ಕಡೆ ನೋಡುವ ನೋಟ ನನ್ನಿಂದ ತಡೆಯಲಾಗುತ್ತಿಲ್ಲ.

ಸುಮ್ಮನಿದ್ದುಬಿಡೋಣ ಎಂದೂ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ. ಈ ಮನೆಯಲ್ಲಿ ನಿಮ್ಮಿಬ್ಬರಿಗೂ ಒಬ್ಬರನ್ನೊಬ್ಬರು ಹೊಗಳಿ ಗೊತ್ತಿಲ್ಲ. ಈಗ ಒಂದು ಸುರುಳಿಯ ನೆಪದಲ್ಲಿ ಅಪ್ಪ ಮಗ ದಿನಾ ಸಂಜೆ ಹೊಗಳಿಕೊಳ್ಳುತ್ತಿದ್ದೀರಿ. ಅದನ್ನು ಕೆಡಿಸುವ ಕೆಲಸ ನನಗೇ ಬರಬೇಕೇ ಎಂದು ಬೇಜಾರಾಯಿತು. ಆದರೆ ನನ್ನ ತಲೆಯಲ್ಲಿ ಇನ್ನೊಬ್ಬರು ಬಂದು ಕೂತಿದ್ದಾರೆ. ನಾನು ನೋಡಿಲ್ಲದ, ಹೆಸರು ಗೊತ್ತಿಲ್ಲದ ಒಬ್ಬ ಮುದುಕಿ. ಶುಕ್ರವಾರದ ಒಪ್ಪಿಗೆಯ ನಂತರ ಯಾವುದೋ ಊರಿನಲ್ಲಿ ಆಕೆಯ ಕೈಗೂ ಈ ಪಟ್ಟಿ ಕಟ್ಟುತ್ತಾರೆ. ಕೈ ನಿಲ್ಲುತ್ತದೆ ಎಂದು ಆಕೆಗೆ ಹೇಳಿರುತ್ತಾರೆ, ನಮ್ಮ ಮೂರನೆಯವರ ಸುರುಳಿಯನ್ನೇ ತೋರಿಸಿರುತ್ತಾರೆ. ಆಕೆ ಧೈರ್ಯವಾಗಿ ತುಂಬಿದ ಲೋಟ ತೆಗೆದುಕೊಳ್ಳುತ್ತಾಳೆ. ಟೀ ಸೀರೆಯ ಮೇಲೆ ಚೆಲ್ಲುತ್ತದೆ. ಆಗ ಆಕೆ ಪಟ್ಟಿಯನ್ನು ಬೈಯುವುದಿಲ್ಲ ಮೇಷ್ಟ್ರೇ. ಅಷ್ಟು ದೊಡ್ಡ ದೊಡ್ಡವರು ಸೇರಿ ಮಾಡಿದ್ದು ಸುಳ್ಳಾಗುತ್ತದೆಯೇ, ನನ್ನ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತಾಳೆ. ಮತ್ತೆ ಅರ್ಧ ಲೋಟಕ್ಕೆ ಹಿಂದಿರುಗುತ್ತಾಳೆ, ಈ ಸಲ ನಾಚಿಕೆಯೊಂದಿಗೆ. ಅದನ್ನು ನೆನೆದರೆ ಸುಮ್ಮನಿರಲು ಆಗುವುದಿಲ್ಲ.

ಆದ್ದರಿಂದ ಹೇಳಿಬಿಟ್ಟಿದ್ದೇನೆ. ಶುಕ್ರವಾರ ಆ ಸುರುಳಿಯನ್ನು ಏನು ಮಾಡಬೇಕು ಎಂಬುದು ನಿಮಗೇ ಬಿಟ್ಟದ್ದು ಎಂದು ಬರೆದರೆ ಅದು ನಯವಂತಿಕೆಯಾಯಿತು. ಅದನ್ನು ತೋರಿಸಬೇಡಿ. ತೋರಿಸಲೇಬೇಕಾದರೆ ಅದರ ಹಿಂದಿನ ಮಧ್ಯಾಹ್ನಗಳನ್ನೂ ಹೇಳಿ. ಒಂದೇ ಬೇಡಿಕೆ, ಮಾವನನ್ನು ಬೈಯಬೇಡಿ. ಬೈಯುವುದಿರಲಿ, ಇದನ್ನು ಓದಿದ ಕೂಡಲೇ ಫೋನು ಮಾಡಬೇಡಿ. ನಿಮ್ಮ ದನಿಯಲ್ಲಿ ಅವರಿಗೆ ಎಲ್ಲ ಕೇಳಿಸುತ್ತದೆ. ಒಂದು ಸುತ್ತು ನಡೆದು ಬನ್ನಿ. ಮುಖಕ್ಕೆ ನೀರು ಹಾಕಿಕೊಳ್ಳಿ. ‘ಪರವಾಗಿಲ್ಲ’ ಎಂಬ ಮಾತನ್ನಂತೂ ಬಾಯಿಂದ ತೆಗೆಯಬೇಡಿ. ನಿಮ್ಮ ಒಂದು ಗಳಿಗೆಯ ಮೌನಕ್ಕೆ ಆ ಮನುಷ್ಯ ಎಷ್ಟೋ ಮಧ್ಯಾಹ್ನ ಬೆನ್ನು ಬಗ್ಗಿಸಿ ಕೂತಿದ್ದಾರೆ. ಯಂತ್ರ ಹೇಗೆ ಬೇಕಾದರೂ ಆಗಲಿ, ಇಷ್ಟು ದೊಡ್ಡ ಪ್ರೀತಿಯನ್ನು ಹಿಡಿಯುವ ಅಳತೆ ನಿಮ್ಮ ಹಾಳೆಯಲ್ಲಿ ಇರಲಿಲ್ಲ, ಅಷ್ಟೇ ಆದದ್ದು. ಅದಕ್ಕೆ ಯಾರನ್ನು ಬೈಯುವುದು?

ಹೊಸ ಅಂಗಿ ಎರಡು ಕಳಿಸಿದ್ದೇನೆ, ಕಾಲರು ಒಳಗೆ ಮಡಚಿಕೊಳ್ಳದಂತೆ ರಟ್ಟು ಇಟ್ಟಿದ್ದೇನೆ, ರಟ್ಟಿನ ಸಮೇತ ಹಾಕಿಕೊಳ್ಳಬೇಡಿ. ಬೀಗದವರು ನಮಸ್ಕಾರ ತಿಳಿಸಿದ್ದಾರೆ, ಅವರ ಹೆಂಡತಿ ನಾಲಿಗೆಯ ಪಟ್ಟಿ ಎಲ್ಲಿಗೆ ಬಂತು ಎಂದು ಕೇಳಿದ್ದಾರೆ. ಮಾವನ ಆಶೀರ್ವಾದ ಯಾವಾಗಲೂ ಇದ್ದದ್ದೇ. ಕೇಳಿದರೆ ‘ಅವನಿಗೇನು, ದೊಡ್ಡ ಮನುಷ್ಯ’ ಎನ್ನುತ್ತಾರೆ, ಅದೇ ಆಶೀರ್ವಾದ. ಕೆಮ್ಮನ್ನು ಅಲ್ಲೇ ಬಿಟ್ಟು ನೀವೊಬ್ಬರೇ ಬೇಗ ಬನ್ನಿ. ಮನೆ ಸಾಲು ಮುರಿದ ಪದ್ಯದ ಹಾಗಿದೆ, ಓದಬಹುದು, ಆದರೆ ಉಸಿರು ಎಲ್ಲೆಲ್ಲೋ ನಿಲ್ಲುತ್ತದೆ.

ನಿಮ್ಮ
ಪದ್ಯದವಳು

ಮತ್ತೆ: ಲಕೋಟೆ ಅಂಟಿಸುವ ಹೊತ್ತಿಗೆ ಇದು. ಇನ್ಸ್‌ಪೆಕ್ಟರಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತು, ಅಕ್ಷರ ಸೊಟ್ಟಗಾದರೆ ಕ್ಷಮಿಸಿ. ಮಾವ ಬಂದು ನನ್ನ ಕೈಯಲ್ಲಿನ ಹಾಳೆಗಳ ದಪ್ಪ ನೋಡಿದರು. ‘ಇಷ್ಟು ಬರೆಯೋಕೆ ಅವನ ಕೆಮ್ಮಿನಲ್ಲಿ ಏನಿದೆ? ಹೇಳಿಬಿಟ್ಟೆ ಅಲ್ವಾ?’ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಕೋಪ ಬರುತ್ತದೆ ಎಂದುಕೊಂಡೆ. ಅವರು ಹೋಗಿ ದುಂಬಿ ತಂದು ಮೇಜಿನ ಮೇಲಿಟ್ಟು, ಆ ಹುಡುಗಿಗೆ ‘ಬ್ಯಾಗು ಇಳಿಸು ತಾಯಿ, ಹಾಳೆ ತೆಗಿ. ನನ್ನ ಎಡಗೈನೂ ನಡುಗುತ್ತೆ. ಅದನ್ನ ನೀವ್ಯಾರೂ ಕೇಳೇ ಇಲ್ಲ. ಬಲಗೈ ಕಾಪಿ ಹೊಡೆದಿದೆ. ಎಡಗೈ ಏನೂ ಓದಿಲ್ಲ’ ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಎರಡೇ ಮಾತಿನಲ್ಲಿ ಹೇಳಿದೆ. ಅವಳು ಬ್ಯಾಗು ಇಳಿಸಿ, ‘ಕಾಪಿ ಅಲ್ಲ ತಾತ, ಜಾಸ್ತಿ ಓದಿದ್ದು’ ಎಂದು ಹಾಳೆ ಹಾಸಿದಳು. ದುಂಬಿ ಇಲ್ಲದೆ ಎಡಗೈಯಲ್ಲಿ ಒಂದು ಸುರುಳಿ, ದುಂಬಿಯನ್ನು ತಲೆಕೆಳಗಾಗಿ ಎಡಗೈಗೆ ಬಿಗಿದು ಇನ್ನೊಂದು. ಎರಡನ್ನೂ ಒಳಗಿಟ್ಟಿದ್ದೇನೆ. ಎರಡೂ ಬೇಲಿಯೇ. ಆದರೆ ಎರಡನೆಯದರಲ್ಲಿ ಮುಳ್ಳು ಕಡಿಮೆ. ಸ್ವಲ್ಪವೇ ಕಡಿಮೆ, ನಾನು ಒಂದು ಕ್ಷಣ ನನ್ನ ಕಣ್ಣನ್ನೇ ನಂಬಲಿಲ್ಲ, ಅವಳು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿ ‘ಇದೆ ಮೇಡಂ’ ಎಂದಳು. ಒಂದು ಸಲ ಬರೆದದ್ದು ಲೆಕ್ಕಕ್ಕೆ ಸಾಲದು, ಆದರೆ ತಾನು ನೋಡಿದ್ದನ್ನು ಅಲ್ಲಿ ತಾನೇ ಹೇಳುತ್ತೇನೆ ಎಂದಿದ್ದಾಳೆ. ಶುಕ್ರವಾರ ಇದನ್ನೇ ತೋರಿಸಬೇಕೆಂದು ಮಾವ ಹೇಳಿದ್ದಾರೆ, ಹೇಳಿದ ಹಾಗೇ ಬರೆಯುತ್ತಿದ್ದೇನೆ: ‘ಮೂರನೆಯವರು ನಿಜ ಒಪ್ಪಿಕೊಂಡರು ಅಂತ ಬರಿ. ಫೇಲಾದರೆ ಪರೀಕ್ಷೆಗೆ ಮತ್ತೆ ಕಟ್ಟಲಿ. ನಾನು ಪಕ್ಕದಲ್ಲೇ ಕೂತಿರ್ತೀನಿ.’ ಇಷ್ಟು ಹೇಳಿ ಎಡಗೈಯಲ್ಲಿ ದುಂಬಿ ಗುಂಯ್‌ಗುಡುತ್ತಿರುವಾಗಲೇ ಟೀ ಕೇಳಿದರು. ಎಷ್ಟು ಎಂದೆ. ಸ್ವಲ್ಪ ಯೋಚಿಸಿ, ಅರ್ಧ ಎಂದರು. ಉಳಿದರ್ಧ ನಿಮ್ಮ ಎರಡೂ ವಿಶ್ವವಿದ್ಯಾಲಯಗಳು ಸೇರಿ ತುಂಬಿಸಬೇಕು.